ಹಳೇ ಡೀಸೆಲ್ ಪಿಕಪ್ ಸೋರ್ತಿದೆಯಾ? ಪಾರ್ಟ್ ಬದಲಿಸೋ ಮೊದಲು ಸೋರಿಕೆ ಹುಡುಕಿ

ಶನಿವಾರ ಬೆಳಗಿನ ಜಾವ ಎರಡೂವರೆ. ಕುಣಿಗಲ್ ಕಡೆಯಿಂದ ಸೊಪ್ಪು ತುಂಬಿಕೊಂಡು ಬೆಂಗಳೂರಿಗೆ ಹೊರಟಿದ್ದ ನನ್ನ ಹಳೇ ಪಿಕಪ್ ಸೋಲೂರು ದಾಟಿದ ಮೇಲೆ ಒಂದು ಏರಿನಲ್ಲಿ ಎರಡು ಸಲ ಜಗ್ಗಿ ನಿಂತುಬಿಟ್ಟಿತು. ಬಾನೆಟ್ ಎತ್ತಿ ಪ್ರೈಮರ್ ಒತ್ತಿದೆ, ಸ್ಟಾರ್ಟ್ ಆಯ್ತು. ನಾಲ್ಕೈದು ಕಿಲೋಮೀಟರ್ ಹೋದ ಮೇಲೆ ಮತ್ತೆ ನಿಂತಿತು. ನೆಲಮಂಗಲ ತಲುಪೋವಷ್ಟರಲ್ಲಿ ಐದು ಸಲ ಹೀಗೇ ಆಯ್ತು. ಆರು ಗಂಟೆಗೆ ಅಂಗಡಿ ಮುಂದೆ ಇಳಿಸಬೇಕಾದ ಪಾಲಕ್, ಸಬ್ಬಸಿಗೆ, ಕೊತ್ತಂಬರಿ ಎಂಟೂವರೆಗೆ ಇಳಿಯಿತು. ಬಿಸಿಲು ಬಿದ್ದು ಮೇಲಿನ ಕ್ರೇಟ್‌ಗಳು ಬಾಡಿದ್ದವು. ಅಂಗಡಿಯವರು ಬೈಯಲಿಲ್ಲ. "ಇನ್ನೊಂದು ಸಲ ಹೀಗಾದ್ರೆ ನಾವು ಬೇರೆಯವರನ್ನ ನೋಡ್ಕೋಬೇಕಾಗುತ್ತೆ" ಅಂದರು, ಅಷ್ಟೇ. ಅದು ಬೈಗುಳಕ್ಕಿಂತ ಜಾಸ್ತಿ ನಾಟಿತು. ಎರಡು ವರ್ಷ ಕಷ್ಟಪಟ್ಟು ಹಿಡಿದಿದ್ದ ವಾರದ ಆರ್ಡರ್ ಅದು.

ತಮಾಷೆ ಅಂದ್ರೆ, ಆ ತಿಂಗಳಲ್ಲೇ ನಾನು ಇದೇ ತೊಂದರೆಗೆ ನಾಲ್ಕು ಸಾವಿರದ ಹತ್ತಿರ ಖರ್ಚು ಮಾಡಿದ್ದೆ. ಫಿಲ್ಟರ್ ಬಳಿ ಡೀಸೆಲ್ ಒದ್ದೆ ಕಂಡಿತ್ತು, ಫಿಲ್ಟರ್ ಬದಲಿಸಿದ್ವಿ. ಗಾಡಿ ಮತ್ತೆ ನಿಂತಿತು, ಫೀಡ್ ಪಂಪ್ ಕಿಟ್ ಹಾಕಿಸಿದ್ವಿ. ಎರಡೂ ಹೊಸದೇ, ಆದ್ರೂ ಗಾಡಿ ರಸ್ತೆಯಲ್ಲೇ ನಿಂತಿತು. ಕೊನೆಗೆ ತೊಂದರೆ ಸರಿಯಾಗಿದ್ದು ಇನ್ನೂರು ರೂಪಾಯಿ ಒಳಗಿನ ರಬ್ಬರ್ ಪೈಪು ಮತ್ತು ಕ್ಲಿಪ್ಪುಗಳಿಂದ. ಈ ವಾರ ಆ ಕಥೆಯ ಜೊತೆಗೆ ನಾನು ಕಲಿತಿದ್ದನ್ನೂ ಬರೀತಿದ್ದೀನಿ. ನಮ್ಮಲ್ಲಿ ಎಷ್ಟೋ ಜನ ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿಯಲ್ಲೇ ಮಾರುಕಟ್ಟೆಗೆ ಹೋಗೋರು. ಟ್ರಾಕ್ಟರ್ ಇದ್ದೋರಿಗೂ ಇದು ಹೆಚ್ಚು ಕಡಿಮೆ ಹಾಗೇ ಅನ್ವಯಿಸುತ್ತೆ.

ಡೀಸೆಲ್ ಹೋಗೋ ದಾರಿ ಮೊದಲು ತಿಳ್ಕೊಳ್ಳಿ

ಹಳೇ ಗಾಡಿಯಲ್ಲಿ ಡೀಸೆಲ್ ಟ್ಯಾಂಕ್‌ನಿಂದ ಹೊರಟು ಪೈಪಿನಲ್ಲಿ ಫೀಡ್ ಪಂಪ್‌ಗೆ ಬರುತ್ತೆ. ಕೆಲವು ಗಾಡಿಗಳಲ್ಲಿ ಮಧ್ಯದಲ್ಲಿ ಒಂದು ಸಣ್ಣ ಮುನ್-ಫಿಲ್ಟರ್ ಇರುತ್ತೆ. ಫೀಡ್ ಪಂಪ್ ಅದನ್ನ ದೊಡ್ಡ ಫಿಲ್ಟರ್‌ಗೆ ತಳ್ಳುತ್ತೆ, ಅಲ್ಲಿಂದ ಅದು ಮುಖ್ಯ ಪಂಪ್‌ಗೆ ಹೋಗುತ್ತೆ. ಮುಖ್ಯ ಪಂಪ್ ಭಾರೀ ಒತ್ತಡದಲ್ಲಿ ಕಬ್ಬಿಣದ ಸಣ್ಣ ಪೈಪುಗಳ ಮೂಲಕ ನಾಝಲ್‌ಗಳಿಗೆ ಕಳಿಸುತ್ತೆ. ನಾಝಲ್‌ನಲ್ಲಿ ಉಳಿದದ್ದು ರಿಟರ್ನ್ ಪೈಪಿನಲ್ಲಿ ವಾಪಸ್ ಬರುತ್ತೆ.

ಇದನ್ನ ನಮ್ಮ ಬಾವಿ ಮೋಟರ್‌ಗೆ ಹೋಲಿಸಿ ನೋಡಿ. ಡೆಲಿವರಿ ಪೈಪಿನಲ್ಲಿ ತೂತಾದ್ರೆ ನೀರು ಚಿಮ್ಮುತ್ತೆ, ಯಾರಿಗಾದ್ರೂ ಕಾಣುತ್ತೆ. ಫುಟ್ ವಾಲ್ವ್‌ಗೂ ಪಂಪ್‌ಗೂ ನಡುವಿನ ಸಕ್ಷನ್ ಪೈಪಿನಲ್ಲಿ ಬಿರುಕು ಬಿಟ್ಟರೆ? ಒಂದು ಹನಿ ನೀರೂ ಹೊರಗೆ ಬರಲ್ಲ. ಗಾಳಿ ಒಳಗೆ ಹೋಗುತ್ತೆ, ಪಂಪ್ ನೀರು ಬಿಡುತ್ತೆ, ನಾವು ಮತ್ತೆ ಮತ್ತೆ ನೀರು ತುಂಬಿಸ್ತಾ ಕೂರ್ತೀವಿ.

ಡೀಸೆಲ್ ಗಾಡಿಯಲ್ಲೂ ಅಷ್ಟೇ. ಫೀಡ್ ಪಂಪ್‌ನ ಆಚೆ, ಅಂದ್ರೆ ನಾಝಲ್ ಕಡೆ ಸೋರಿದರೆ ಡೀಸೆಲ್ ಹೊರಗೆ ಕಾಣುತ್ತೆ. ಟ್ಯಾಂಕ್ ಕಡೆ ಬಿರುಕಿದ್ರೆ ಗಾಳಿ ಒಳಗೆ ಹೋಗುತ್ತೆ, ಎಂಜಿನ್ ಪಕ್ಕ ಎಲ್ಲಾ ಒಣಗೇ ಇರುತ್ತೆ. ಗಾಡಿ ನಿಲ್ಲಿಸೋದು ಸಾಮಾನ್ಯವಾಗಿ ಈ ಕಾಣದ ಸೋರಿಕೆ. ನನ್ನ ಗಾಡಿಯಲ್ಲಿ ಎರಡೂ ಇದ್ದವು. ನಾವು ಕಂಡದ್ದರ ಹಿಂದೆ ಬಿದ್ದು ಕಾಣದ್ದನ್ನ ಬಿಟ್ಟಿದ್ವಿ.

ಕೈ ಇಡೋ ಮೊದಲು

ಮರುದಿನ ಭಾನುವಾರ ನಮ್ಮೂರ ಹತ್ತಿರದ ಒಬ್ಬ ಹಳೇ ಮೇಸ್ತ್ರಿಯನ್ನ ಕರ್ಕೊಂಡು ಬಂದೆ. ಲಾರಿ ಎಂಜಿನ್‌ಗಳ ಜೊತೆಗೇ ವಯಸ್ಸಾದವರು. ಎಂಜಿನ್ ಓಡ್ತಿತ್ತು. ನನ್ನ ಚಿಕ್ಕಪ್ಪನ ಮಗ ಉತ್ಸಾಹದಲ್ಲಿ "ಅಣ್ಣಾ, ಇಲ್ಲೇ ಎಲ್ಲೋ ಒದ್ದೆ ಇದೆ ನೋಡು" ಅಂತ ನಾಝಲ್ ಪೈಪಿನ ಮೇಲೆ ಬೆರಳಾಡಿಸೋಕೆ ಕೈ ಚಾಚಿದ. ಮೇಸ್ತ್ರಿ ಅವನ ರಟ್ಟೆ ಹಿಡಿದು ಎಳೆದೇಬಿಟ್ಟರು.

"ಬೆರಳು ಬೇಕೋ ಬೇಡ್ವೋ ನಿಂಗೆ?"

ಅವರು ಹೆದರಿಸೋಕೆ ಅಂದದ್ದಲ್ಲ. ಕಾರಿನ ಟೈರ್‌ನಲ್ಲಿ ಇರೋದು ಸುಮಾರು 2 ಬಾರ್ ಒತ್ತಡ. ಹಳೇ ಎಂಜಿನ್‌ನ ನಾಝಲ್ ಪೈಪಿನಲ್ಲಿ 200 ಬಾರ್ ಆಸುಪಾಸು. ಈಗಿನ ಕಾಮನ್ ರೈಲ್ ಗಾಡಿಗಳಲ್ಲಿ 1000 ಬಾರ್‌ಗೂ ಮೇಲೆ. ಕೂದಲೆಳೆಯಷ್ಟು ಬಿರುಕಿನಿಂದ ಬರೋ ಡೀಸೆಲ್ ಕಣ್ಣಿಗೂ ಸರಿಯಾಗಿ ಕಾಣಲ್ಲ, ಆದ್ರೆ ಸೂಜಿ ಥರ ಚರ್ಮ ತೂರಿ ಒಳಗೆ ಹೋಗುತ್ತೆ. ಮೊದಲು ಒಂದು ಸಣ್ಣ ಚುಚ್ಚಿದ ಗುರುತು ಅಷ್ಟೇ, ನೋವೂ ಹೆಚ್ಚಿರಲ್ಲ. ಕೆಲವೇ ಗಂಟೆಗಳಲ್ಲಿ ಊದಿಕೊಂಡು ಒಳಗಿನ ಮಾಂಸ ಸಾಯೋಕೆ ಶುರುವಾಗುತ್ತೆ, ಬೆರಳನ್ನೇ ತೆಗೆಯೋ ಸ್ಥಿತಿ ಬರಬಹುದು. ಹಾಗೇನಾದ್ರೂ ಆದ್ರೆ ಅರಿಶಿನ ಹಚ್ಚಿ ಕೂರಬೇಡಿ. ಆಪರೇಷನ್ ಸೌಲಭ್ಯ ಇರೋ ಆಸ್ಪತ್ರೆಗೆ ತಕ್ಷಣ ಹೋಗಿ, "ಹೈ ಪ್ರೆಶರ್ ಡೀಸೆಲ್ ಚರ್ಮದ ಒಳಗೆ ಹೋಗಿದೆ" ಅಂತ ಡಾಕ್ಟರ್‌ಗೆ ಸ್ಪಷ್ಟವಾಗಿ ಹೇಳಿ.

ಇನ್ನು ಕೆಲವು ಎಚ್ಚರಿಕೆಗಳು:

- ಎಂಜಿನ್ ಓಡುವಾಗ ಸೋರಿಕೆ ಹುಡುಕೋಕೆ ಕೈ ಬದಲು ಉದ್ದದ ಕಡ್ಡಿಗೆ ರಟ್ಟು ಸಿಕ್ಕಿಸಿ ಹಿಡಿಯಿರಿ. ಕಣ್ಣಿಗೆ ಕನ್ನಡಕ ಇರಲಿ.
- ಬೀಡಿ, ಸಿಗರೇಟು, ಬೆಂಕಿ ದೂರ. ಡೀಸೆಲ್ ಪೆಟ್ರೋಲ್‌ನಷ್ಟು ಬೇಗ ಹೊತ್ತಿಕೊಳ್ಳಲ್ಲ ನಿಜ. ಆದ್ರೆ ಕಾದ ಸೈಲೆನ್ಸರ್ ಮ್ಯಾನಿಫೋಲ್ಡ್ ಮೇಲೆ ಹನಿ ಬಿದ್ರೆ, ತುಂತುರು ಚಿಮ್ಮಿದ್ರೆ ಬೆಂಕಿ ಹತ್ತುತ್ತೆ. ಪಕ್ಕದಲ್ಲಿ ಒಂದು ಬಕೆಟ್ ಮರಳು ಇಟ್ಕೊಳ್ಳಿ, ಡೀಸೆಲ್ ಬೆಂಕಿಗೆ ನೀರು ಹಾಕಬಾರದು.
- ಬರೀ ಜಾಕ್ ಮೇಲೆ ಎತ್ತಿದ ಗಾಡಿಯ ಕೆಳಗೆ ತೂರಬೇಡಿ. ಸ್ಟ್ಯಾಂಡ್ ಅಥವಾ ಗಟ್ಟಿ ಮರದ ದಿಮ್ಮಿ ಕೊಡಿ, ಚಕ್ರಕ್ಕೆ ಕಲ್ಲು ಇಡಿ.
- ಪೈಪು ಬಿಚ್ಚೋ ಮೊದಲು ಎಂಜಿನ್ ಆರಿಸಿ, ತಣ್ಣಗಾಗಲಿ. ಬ್ಯಾಟರಿ ನೆಗೆಟಿವ್ ಬಿಚ್ಚಿಡಿ. ಸ್ಟಾರ್ಟರ್ ಹೊಡೆಯೋ ಪರೀಕ್ಷೆಗೆ ಮಾತ್ರ ಮತ್ತೆ ಹಾಕಿ.

ಕಾಣೋ ಸೋರಿಕೆ: ತೊಳಿ, ಒಣಗಿಸು, ಪೌಡರ್ ಹಾಕು

ಮೊದಲು ಸೋರ್ತಿರೋದು ಡೀಸೆಲ್ಲೇ ಅಂತ ಖಾತ್ರಿ ಮಾಡ್ಕೊಳ್ಳಿ. ರಾತ್ರಿ ಗಾಡಿ ಕೆಳಗೆ ಅಗಲವಾದ ರಟ್ಟು ಅಥವಾ ಪೇಪರ್ ಹಾಸಿ. ಬೆಳಗ್ಗೆ ಕಲೆ ನೋಡಿ, ಮೂಸಿ. ಡೀಸೆಲ್ ತೆಳ್ಳಗೆ ಅಗಲಕ್ಕೆ ಹರಡಿರುತ್ತೆ, ವಾಸನೆಯಲ್ಲೇ ಗೊತ್ತಾಗುತ್ತೆ. ಎಂಜಿನ್ ಆಯಿಲ್ ಕಪ್ಪಗೆ ದಪ್ಪಗೆ ಇರುತ್ತೆ. ಕೂಲಂಟ್ ಬಣ್ಣದ ನೀರಿನ ಥರ ಇರುತ್ತೆ.

ಆಮೇಲೆ ಮೇಸ್ತ್ರಿ ಹೇಳಿದ ಮಾತು ನೆನಪಿಡಿ: "ಅಲ್ಲಪ್ಪಾ, ಹುಲ್ಲಿನ ಮನೆ ಸೋರೋದು ಎಲ್ಲೋ, ನೀರು ತೊಟ್ಟಿಕ್ಕೋದು ಎಲ್ಲೋ. ಒದ್ದೆ ಇದ್ದ ಕಡೆ ನೋಡಬೇಡ, ಅದರ ಮೇಲಕ್ಕೆ ನೋಡು." ಡೀಸೆಲ್ ಪೈಪಿನ ಮೇಲೆ ಜಾರಿ, ಬ್ರಾಕೆಟ್ ಹಿಡಿದು ಬಂದು, ಎಲ್ಲಕ್ಕಿಂತ ಕೆಳಗಿನ ತುದಿಯಲ್ಲಿ ಹನಿಯುತ್ತೆ. ನಮ್ಮ ಫಿಲ್ಟರ್ ಒದ್ದೆಯಾಗಿದ್ದು ಹೀಗೇ, ಅದರದ್ದೇನೂ ತಪ್ಪಿರಲಿಲ್ಲ.

ನಾವು ಮಾಡಿದ್ದು ಇಷ್ಟು:

1. ತಣ್ಣಗಿರೋ ಎಂಜಿನ್ನನ್ನ ಬ್ರಷ್ ಮತ್ತು ಸೋಪು ನೀರಿನಿಂದ ತೊಳೆದು, ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿಸಿದ್ವಿ. ಆಲ್ಟರ್ನೇಟರ್‌ಗೆ ನೀರು ಬೀಳದ ಹಾಗೆ ಪ್ಲಾಸ್ಟಿಕ್ ಕವರ್ ಕಟ್ಟಿದ್ವಿ.
2. ಪೈಪು ಸೇರೋ ಜಾಗ, ಫಿಲ್ಟರ್ ತಲೆ, ಪಂಪ್ ಸುತ್ತ ಎಲ್ಲಾ ಕಡೆ ಮುಖಕ್ಕೆ ಹಚ್ಚೋ ಪೌಡರ್ ಉದುರಿಸಿದ್ವಿ.
3. ಎಂಜಿನ್ ಹತ್ತು ನಿಮಿಷ ಓಡಿಸಿ, ಆರಿಸಿ, ಟಾರ್ಚ್ ಬಿಟ್ಟು ನೋಡಿದ್ವಿ. ಬಿಳಿ ಪೌಡರ್ ಮೇಲೆ ಒದ್ದೆ ಗೆರೆ ಎಲ್ಲಿ ಶುರುವಾಗುತ್ತೋ ಅಲ್ಲೇ ಸೋರಿಕೆ.

ಕಣ್ಣು ಹೋಗದ ಸಂದಿಗಳಿಗೆ, ಎಂಜಿನ್ ಆರಿಸಿದ ಮೇಲೆ, ಮೊಬೈಲ್ ಫ್ಲ್ಯಾಶ್ ಹಾಕಿ ವಿಡಿಯೋ ಮಾಡಿ. ಆಮೇಲೆ ನಿಧಾನಕ್ಕೆ ದೊಡ್ಡದು ಮಾಡಿ ನೋಡಬಹುದು. ಬಿಚ್ಚೋ ಮೊದಲೂ ಒಂದು ಫೋಟೋ ಇರಲಿ, ಯಾವ ಪೈಪು ಎಲ್ಲಿಗೆ ಅಂತ ಆಮೇಲೆ ತಲೆ ಕೆಡಿಸಿಕೊಳ್ಳೋದು ತಪ್ಪುತ್ತೆ.

ನಮ್ಮ ಗೆರೆ ಶುರುವಾಗಿದ್ದು ಮೂರನೇ ನಾಝಲ್ ಮೇಲಿನ ರಿಟರ್ನ್ ಪೈಪಿನಲ್ಲಿ. ಬಟ್ಟೆ ಹೆಣೆದ ಸಣ್ಣ ರಬ್ಬರ್ ಪೈಪು, ಶಾಖಕ್ಕೆ ಒಣಗಿ ಬಿರಿದಿತ್ತು. ನಾಲ್ಕೂ ನಾಝಲ್‌ನದ್ದನ್ನ ಒಟ್ಟಿಗೇ ಬದಲಿಸಿದ್ವಿ. ಒಂದು ಒಣಗಿದೆ ಅಂದ್ರೆ ಉಳಿದವೂ ಅದೇ ವಯಸ್ಸಿನವು ತಾನೇ.

ಇದು ಸಣ್ಣ ಸೋರಿಕೆ ಅಂತ ಬಿಡೋ ಹಾಗಿಲ್ಲ. ಒಂದು ಹನಿ ಸುಮಾರು 0.05 ಮಿ.ಲೀ. ಅಂತ ಇಟ್ಕೊಳ್ಳಿ. ಸೆಕೆಂಡಿಗೆ ಒಂದು ಹನಿ ಅಂದ್ರೆ ಗಂಟೆಗೆ 180 ಮಿ.ಲೀ. ವಾರಕ್ಕೆ 12 ಗಂಟೆ ಗಾಡಿ ಓಡಿದರೆ 2 ಲೀಟರ್‌ಗೂ ಹೆಚ್ಚು, ತಿಂಗಳಿಗೆ ಎಂಟೊಂಬತ್ತು ಲೀಟರ್ ರಸ್ತೆಗೆ ಸುರಿದ ಲೆಕ್ಕ.

ಕಾಣದ ಸೋರಿಕೆ: ಗಾಳಿ ಎಲ್ಲಿಂದ ಬರ್ತಿದೆ?

ರಿಟರ್ನ್ ಪೈಪು ಹಾಕಿದ ಮೇಲೆ ನಾನು ಕೆಲಸ ಮುಗೀತು ಅಂದ್ಕೊಂಡೆ. ಮೇಸ್ತ್ರಿ ಟೀ ಕುಡೀತಾ ಒಂದು ಪ್ರಶ್ನೆ ಕೇಳಿದ್ರು. "ಗಾಡಿ ನಿಲ್ಲೋವಾಗ ಟ್ಯಾಂಕ್‌ನಲ್ಲಿ ಎಷ್ಟು ಡೀಸೆಲ್ ಇರುತ್ತೆ?"

ನಾನು ಯಾವತ್ತೂ ಹಾಗೆ ಯೋಚಿಸಿರಲಿಲ್ಲ. ನೆನಪು ಮಾಡ್ಕೊಂಡೆ. ಟ್ಯಾಂಕ್ ತುಂಬಿಸಿದ ವಾರ ಒಂದು ಸಲವೂ ನಿಂತಿರಲಿಲ್ಲ. ಅರ್ಧಕ್ಕಿಂತ ಕೆಳಗೆ ಇಳಿದಾಗಲೇ ತೊಂದರೆ, ಅದೂ ಏರಿನಲ್ಲಿ. ಬೆಳಗ್ಗೆ ಮೊದಲ ಸ್ಟಾರ್ಟ್ ಕಷ್ಟ, ಪ್ರೈಮರ್ ಒತ್ತಿದರೆ ಸರಿ. ಮೇಸ್ತ್ರಿಗೆ ಅಷ್ಟು ಸಾಕಾಯ್ತು.

ಕಾರಣ ಸುಲಭ. ಟ್ಯಾಂಕ್ ಕೆಳಗಿದೆ, ಫೀಡ್ ಪಂಪ್ ಮೇಲಿದೆ. ಡೀಸೆಲ್ ಮಟ್ಟ ಇಳಿದಷ್ಟೂ ಪಂಪ್ ಹೆಚ್ಚು ಎತ್ತರಕ್ಕೆ ಎಳೀಬೇಕು. ಜಾಸ್ತಿ ಎಳೆದರೆ ಸಣ್ಣ ಬಿರುಕಿನಿಂದಲೂ ಗಾಳಿ ನುಗ್ಗುತ್ತೆ. ಏರಿನಲ್ಲಿ ಗಾಡಿಯ ಮೂತಿ ಮೇಲಾಗಿ ಟ್ಯಾಂಕ್ ಇನ್ನೂ ಕೆಳಗಾಗುತ್ತೆ. ರಾತ್ರಿ ನಿಲ್ಲಿಸಿದಾಗ ಅದೇ ಬಿರುಕಿನಿಂದ ಗಾಳಿ ಹೋಗಿ ಪೈಪಿನ ಡೀಸೆಲ್ ವಾಪಸ್ ಟ್ಯಾಂಕ್‌ಗೆ ಇಳಿದುಬಿಡುತ್ತೆ.

ಇದನ್ನ ಪಕ್ಕಾ ಮಾಡೋಕೆ ಕ್ಯಾನ್ ಪರೀಕ್ಷೆ ಇದೆ. ಎಲ್ಲರೂ ಮಾಡಬಹುದು:

1. ಫೀಡ್ ಪಂಪ್‌ಗೆ ಟ್ಯಾಂಕ್‌ನಿಂದ ಬರೋ ಪೈಪನ್ನ ಪಂಪ್ ಬಳಿ ಬಿಚ್ಚಿ, ತುದಿಗೆ ಶುದ್ಧ ಬಟ್ಟೆ ಸುತ್ತಿ ಕಟ್ಟಿ.
2. ಐದು ಲೀಟರ್ ಕ್ಯಾನ್‌ನಲ್ಲಿ ಸೋಸಿದ ಡೀಸೆಲ್ ತಗೊಂಡು, ಬಿಸಿ ಭಾಗಗಳಿಂದ ದೂರ ಗಟ್ಟಿಯಾಗಿ ಕಟ್ಟಿ. ಅದರಿಂದ ಹೊಸ ಪೈಪು ನೇರವಾಗಿ ಫೀಡ್ ಪಂಪ್‌ಗೆ ಕೊಡಿ. ಈ ಪೈಪು ಪಾರದರ್ಶಕ ಆಗಿದ್ರೆ ಇನ್ನೂ ಒಳ್ಳೇದು, ಗುಳ್ಳೆ ಕಾಣುತ್ತೆ.
3. ಗಾಳಿ ತೆಗೆದು ಎಂಜಿನ್ ಅರ್ಧ ಗಂಟೆ ನಿಂತಲ್ಲೇ ಓಡಿಸಿ, ಮಧ್ಯೆ ಮಧ್ಯೆ ರೇಸ್ ಕೊಡಿ. ಕ್ಯಾನ್ ಖಾಲಿಯಾಗದ ಹಾಗೆ ನೋಡ್ಕೊಳ್ಳಿ.

ಎಂಜಿನ್ ಜಗ್ಗದೆ ಓಡಿದರೆ ತೊಂದರೆ ಟ್ಯಾಂಕ್‌ಗೂ ಫೀಡ್ ಪಂಪ್‌ಗೂ ನಡುವೆ ಇದೆ. ಆಗಲೂ ನಿಂತರೆ ಫೀಡ್ ಪಂಪ್ ಅಥವಾ ಅದರ ಆಚೆ ಹುಡುಕಬೇಕು. ಒಂದೇ ಪರೀಕ್ಷೆಯಲ್ಲಿ ಹುಡುಕೋ ಜಾಗ ಅರ್ಧ ಆಯ್ತು. ಇದನ್ನ ಮೊದಲೇ ಮಾಡಿದ್ರೆ ನನ್ನ ಫೀಡ್ ಪಂಪ್ ಕಿಟ್ ದುಡ್ಡು ಉಳೀತಿತ್ತು.

ನಮ್ಮ ಗಾಡಿ ಕ್ಯಾನ್‌ನಿಂದ ಚೆನ್ನಾಗಿ ಓಡಿತು. ಆಮೇಲೆ ಟ್ಯಾಂಕ್ ಪೈಪನ್ನ ಇಂಚಿಂಚು ನೋಡಿದ್ವಿ. ಕಬ್ಬಿಣದ ಪೈಪು ರಬ್ಬರ್ ಪೈಪಿಗೆ ಸೇರೋ ಜಾಗದಲ್ಲಿ, ಕ್ಲಿಪ್ ಕೆಳಗೆ, ರಬ್ಬರ್ ಕಲ್ಲಿನ ಹಾಗೆ ಗಟ್ಟಿಯಾಗಿ ಸೀಳಿತ್ತು. ಹೊರಗೆ ಒಂದು ಹನಿಯೂ ಇರಲಿಲ್ಲ. ಫೀಡ್ ಪಂಪ್ ಬಿಚ್ಚಿ ಹಾಕಿದಾಗ ಅದೇ ಹಳೇ ಪೈಪನ್ನ ತಿರುಚಿ ಮತ್ತೆ ತೂರಿಸಿದ್ವಿ. ಸೀಳು ಇನ್ನೂ ದೊಡ್ಡದಾಗಿತ್ತೋ ಏನೋ.

ಸರಿ ಮಾಡೋವಾಗ ಗಮನಿಸಬೇಕಾದ್ದು

ಪೈಪು: ಹಳೇ ತುಂಡನ್ನ ಅಂಗಡಿಗೆ ತಗೊಂಡು ಹೋಗಿ, ಒಳ ಅಳತೆ ಸರಿಯಾಗಿ ಹೊಂದೋ ಡೀಸೆಲ್ ಪೈಪನ್ನೇ ಕೇಳಿ. ಮನೇಲಿರೋ ನೀರಿನ ಪೈಪು, ಡ್ರಿಪ್ ಪೈಪು ಬೇಡ. ಮಾಮೂಲಿ ರಬ್ಬರ್ ಡೀಸೆಲ್‌ನಲ್ಲಿ ಊದಿಕೊಂಡು ಮೆತ್ತಗಾಗುತ್ತೆ. ಪರೀಕ್ಷೆಗೆ ಬಳಸಿದ ಪಾರದರ್ಶಕ ಪೈಪನ್ನೂ ಕಾಯಂ ಬಿಡಬೇಡಿ, ಶಾಖಕ್ಕೆ ತಡೆಯಲ್ಲ.

ಕ್ಲಿಪ್: ತಂತಿ ಸುತ್ತಿ ಬಿಗಿಯೋ ಅಭ್ಯಾಸ ಬಿಡಿ, ತಂತಿ ರಬ್ಬರನ್ನ ಕತ್ತರಿಸುತ್ತೆ. ಸ್ಕ್ರೂ ಕ್ಲಿಪ್ ಹಾಕಿ, ರಬ್ಬರ್ ಉಬ್ಬಿ ಬರೋವಷ್ಟು ಬಿಗಿಯಬೇಡಿ.

ವಾಷರ್: ತೂತಿರೋ ಬೋಲ್ಟ್ ಮೂಲಕ ಡೀಸೆಲ್ ಹೋಗೋ ಕಡೆ ಎರಡೂ ಪಕ್ಕ ತಾಮ್ರದ ವಾಷರ್ ಇರುತ್ತೆ. ಬಿಚ್ಚಿದಾಗಲೆಲ್ಲ ಹೊಸದು ಹಾಕಿ. ಒಮ್ಮೆ ಬಿಗಿದ ತಾಮ್ರ ಗಟ್ಟಿಯಾಗಿರುತ್ತೆ, ಮತ್ತೆ ಸರಿಯಾಗಿ ಕೂರಲ್ಲ. ಹೊಸದು ಸಿಗದಿದ್ರೆ ಹಳೇದನ್ನ ಗಾಡಿಯಿಂದ ದೂರ, ಒಲೆ ಮೇಲೆ ಕೆಂಪಗೆ ಕಾಯಿಸಿ ತಣ್ಣಗೆ ಮಾಡಿದ್ರೆ ಮೆತ್ತಗಾಗುತ್ತೆ. ಅದನ್ನ ಉಜ್ಜಿ ಶುದ್ಧ ಮಾಡಿ ಹಾಕಬಹುದು.

ಟೇಪು, ಅಂಟು: ಬಿಳಿ ಟೆಫ್ಲಾನ್ ಟೇಪು ನೀರಿನ ನಲ್ಲಿಗೆ ಸರಿ, ಇಲ್ಲಿಗಲ್ಲ. ಅದರ ಚೂರು ಹರಿದು ಪಂಪ್‌ಗೋ ನಾಝಲ್‌ಗೋ ಸೇರಿದರೆ ಇನ್ನೂರು ರೂಪಾಯಿ ಕೆಲಸ ಸಾವಿರಾರು ರೂಪಾಯಿಗೆ ಹೋಗುತ್ತೆ. ನಾಝಲ್ ಪೈಪು ಬಿರುಕಿದ್ರೆ ಬೆಸುಗೆ, ಅಂಟು ಯಾವುದೂ ಬೇಡ, ಪೈಪನ್ನೇ ಬದಲಿಸಿ.

ಟ್ಯಾಂಕ್: ಸೂಜಿ ತೂತಿಗೆ ರಸ್ತೆಯಲ್ಲಿ ಬಟ್ಟೆ ಸೋಪು ಒತ್ತಿ ಮನೆ ತಲುಪಬಹುದು, ಅಷ್ಟಕ್ಕೇ ಅದು. ಖಾಲಿ ಟ್ಯಾಂಕ್ ಅಂತ ಹಾಗೇ ವೆಲ್ಡಿಂಗ್ ಮಾಡಿಸಬೇಡಿ. ಒಳಗಿನ ಆವಿ ಸಿಡಿಯುತ್ತೆ. ಅದು ಅನುಭವ ಇರೋ ಟ್ಯಾಂಕ್ ಕೆಲಸದವರ ಕೆಲಸ. ಸೋರಿಕೆ ಹುಡುಕೋಕೆ ಅಂತ ಟ್ಯಾಂಕ್‌ಗೆ ಕಂಪ್ರೆಸರ್ ಗಾಳಿ ಹಿಡಿಯೋದೂ ಅಪಾಯ.

ಗಾಳಿ ತೆಗೆಯೋ ಕ್ರಮ

ಪೈಪು ಬಿಚ್ಚಿದ ಮೇಲೆ ಒಳಗೆ ಗಾಳಿ ಇದ್ದೇ ಇರುತ್ತೆ. ಟ್ಯಾಂಕ್‌ನಲ್ಲಿ ಸಾಕಷ್ಟು ಡೀಸೆಲ್ ಇರಲಿ. ಫಿಲ್ಟರ್ ತಲೆ ಮೇಲಿನ ಏರ್ ಸ್ಕ್ರೂ ಎರಡು ಸುತ್ತು ಸಡಿಲಿಸಿ, ಕೆಳಗೆ ಬಟ್ಟೆ ಹಿಡಿದು ಪ್ರೈಮರ್ ಒತ್ತುತ್ತಾ ಹೋಗಿ. ಮೊದಲು ನೊರೆ, ಗುಳ್ಳೆ ಬರುತ್ತೆ. ಗುಳ್ಳೆ ಇಲ್ಲದ ಡೀಸೆಲ್ ಬರುತ್ತಿರೋವಾಗಲೇ ಸ್ಕ್ರೂ ಬಿಗಿಯಿರಿ. ಮುಖ್ಯ ಪಂಪ್ ಮೇಲಿನ ಏರ್ ಸ್ಕ್ರೂಗೂ ಹಾಗೇ ಮಾಡಿ. ಆಮೇಲೆ ಸ್ಟಾರ್ಟ್ ಮಾಡಿ. ಒಂದು ಸಲಕ್ಕೆ 10–15 ಸೆಕೆಂಡಿಗಿಂತ ಹೆಚ್ಚು ಸ್ಟಾರ್ಟರ್ ಹೊಡೆಯಬೇಡಿ, ಮಧ್ಯೆ ಒಂದು ನಿಮಿಷ ಬಿಡಿ. ಅಷ್ಟಕ್ಕೂ ಸ್ಟಾರ್ಟ್ ಆಗದಿದ್ರೆ ನಾಝಲ್ ನಟ್ ಸಡಿಲಿಸಿ ಗಾಳಿ ತೆಗೆಯೋ ಕ್ರಮ ಇದೆ. ಮೊದಲ ಸಲ ಅದನ್ನ ಗೊತ್ತಿರೋರ ಜೊತೆ ನಿಂತೇ ಕಲೀರಿ. ಕಾಮನ್ ರೈಲ್ ಗಾಡಿಯಲ್ಲಂತೂ ನಾಝಲ್ ಪೈಪಿಗೆ ಸ್ಪ್ಯಾನರ್ ಹಾಕಲೇಬೇಡಿ.

ಆಯಿಲ್ ಮಟ್ಟ ಏರ್ತಿದ್ರೆ ಗಾಡಿ ಓಡಿಸಬೇಡಿ

ಇನ್ನೊಂದು ಥರದ ಸೋರಿಕೆ ಎಂಜಿನ್ ಒಳಗೇ ಆಗುತ್ತೆ. ಫೀಡ್ ಪಂಪ್ ಅಥವಾ ಮುಖ್ಯ ಪಂಪ್‌ನ ಸೀಲ್ ಹೋದ್ರೆ ಕೆಲವು ಎಂಜಿನ್‌ಗಳಲ್ಲಿ ಡೀಸೆಲ್ ಎಂಜಿನ್ ಆಯಿಲ್‌ಗೆ ಸೇರುತ್ತೆ. ಹೊರಗೆ ಏನೂ ಕಾಣಲ್ಲ. ಡಿಪ್‌ಸ್ಟಿಕ್ ತೆಗೆದು ನೋಡಿದಾಗ ಆಯಿಲ್ ಮಟ್ಟ ಮೊದಲಿಗಿಂತ ಏರಿದ್ರೆ, ತೆಳ್ಳಗಾಗಿ ಡೀಸೆಲ್ ವಾಸನೆ ಬಂದ್ರೆ ಗಾಡಿ ಅಲ್ಲೇ ನಿಲ್ಲಿಸಿ ಮೆಕ್ಯಾನಿಕ್‌ನ ಕರೀರಿ. ತೆಳ್ಳಗಾದ ಆಯಿಲ್ ಬೇರಿಂಗ್‌ಗಳನ್ನ ಕಾಪಾಡಲ್ಲ.

ಸಾವಯವ ಮಾಡೋರಿಗೆ ಒಂದು ಮಾತು

ಈ ಕೆಲಸವನ್ನ ತೋಟದ ಬದುವಿನಲ್ಲೋ ಬಾವಿ ಪಕ್ಕದಲ್ಲೋ ಮಾಡಬೇಡಿ. ಕೆಳಗೆ ತಟ್ಟೆ ಇಡಿ. ಚೆಲ್ಲಿದ್ದಕ್ಕೆ ಮರದ ಹೊಟ್ಟು ಹಾಕಿ ಹೀರಿಸಿ ಬೇರೆ ಎತ್ತಿಡಿ. ಆ ಹೊಟ್ಟು, ಒರೆಸಿದ ಬಟ್ಟೆ ಕಾಂಪೋಸ್ಟ್ ಗುಂಡಿಗೆ ಬೀಳಬಾರದು. ಡೀಸೆಲ್ ಕೈಯಲ್ಲಿ ಕ್ರೇಟ್ ಮುಟ್ಟಬೇಡಿ. ಸೊಪ್ಪು ವಾಸನೆ ಎಳ್ಕೊಂಡ್ರೆ ತೊಳೆದರೂ ಹೋಗಲ್ಲ, ಗಿರಾಕಿಗೆ ಯಾವ ಸರ್ಟಿಫಿಕೇಟ್ ತೋರಿಸಿದ್ರೂ ಪ್ರಯೋಜನ ಇಲ್ಲ.

ಓದುವಾಗ ನಮಗೆ ಎಲೆ ಹಳದಿಯಾದ್ರೆ ಎಲೆಗೆ ಔಷಧಿ ಹೊಡೆಯೋ ಮೊದಲು ಬೇರು ಕಿತ್ತು ನೋಡಿ ಅಂತ ಹೇಳಿಕೊಟ್ಟಿದ್ರು. ಗಿಡದ ವಿಷಯದಲ್ಲಿ ಅದನ್ನ ದಿನಾ ಪಾಲಿಸ್ತೀನಿ, ಗಾಡಿ ವಿಷಯದಲ್ಲಿ ಮರೆತಿದ್ದೆ. ಈಗ ಪ್ರತಿ ತಿಂಗಳ ಮೊದಲ ಗುರುವಾರ ಹತ್ತು ನಿಮಿಷ ಕೊಡ್ತೀನಿ. ರಾತ್ರಿ ಹಾಸಿದ ರಟ್ಟು ನೋಡೋದು, ಆರಿಸಿದ ಎಂಜಿನ್‌ನ ರಬ್ಬರ್ ಪೈಪುಗಳನ್ನ ಹಿಸುಕಿ ನೋಡೋದು, ಡಿಪ್‌ಸ್ಟಿಕ್ ಮೂಸೋದು. ಪೈಪು ಗಟ್ಟಿಯಾಗಿದ್ರೆ ಶುಕ್ರವಾರ ಲೋಡ್ ಆಗೋ ಮೊದಲೇ ಬದಲಿಸ್ತೀನಿ. ಗಾಡಿಯಲ್ಲಿ ಒಂದು ಮೀಟರ್ ಡೀಸೆಲ್ ಪೈಪು, ನಾಲ್ಕು ಕ್ಲಿಪ್ಪು, ಒಂದಷ್ಟು ತಾಮ್ರದ ವಾಷರ್, ಒಂದು ಸ್ಕ್ರೂಡ್ರೈವರ್ ಯಾವಾಗಲೂ ಇರುತ್ತೆ.

ಆಮೇಲಿನ ಶನಿವಾರ ಬೇಕಂತಲೇ ಕಾಲು ಟ್ಯಾಂಕ್ ಡೀಸೆಲ್‌ನಲ್ಲಿ ಹೊರಟೆ. ದಾರೀಲಿ ತುಂಬಿಸ್ಕೊಳ್ಳೋಕೆ ಒಂದು ಕ್ಯಾನ್ ಡೀಸೆಲ್ ಮುಂದೆ ಇಟ್ಕೊಂಡಿದ್ದೆ. ಸೋಲೂರು ಏರು ಹತ್ತುವಾಗ ಕಿವಿಯೆಲ್ಲ ಎಂಜಿನ್ ಮೇಲೇ ಇತ್ತು. ಒಂದು ಸಲವೂ ಜಗ್ಗಲಿಲ್ಲ. ಐದು ಐವತ್ತಕ್ಕೆ ಅಂಗಡಿ ಮುಂದೆ ಕ್ರೇಟ್ ಇಳಿಸ್ತಿದ್ದೆ, ಸಬ್ಬಸಿಗೆ ಮೇಲೆ ಇನ್ನೂ ಹನಿ ಇತ್ತು.